ಸಸ್ಯೋದ್ಯಾನದಿಂದ ಬೀಜ, ಕಡ್ಡಿ ಕಳಿಸುವ ಕ್ರಮ: ನಮ್ಮ ಅನುಭವ

ಚಿತ್ರದುರ್ಗದ ನಮ್ಮ ಕಾಲೇಜು ಸಸ್ಯೋದ್ಯಾನಕ್ಕೆ ಬೀಜ, ಕಡ್ಡಿ ಕೇಳಿಕೊಂಡು ಸಂಶೋಧನಾ ವಿದ್ಯಾರ್ಥಿಗಳು ಬರುತ್ತಾರೆ, ಬೇರೆ ಊರಿನ ಸಸ್ಯೋದ್ಯಾನದವರು ಬರೆಯುತ್ತಾರೆ, ಬೋಳು ಗುಡ್ಡಕ್ಕೆ ಈ ಸೀಮೆಯದೇ ಗಿಡ ಹಾಕಬೇಕೆನ್ನುವ ಸಂಘದವರೂ ಕೇಳುತ್ತಾರೆ. ಯಾರೇ ಕೇಳಲಿ, ಮೊದಲು ತೆಗೆಯುವುದು ದಾಖಲೆ ಪುಸ್ತಕ. ಕತ್ತರಿ ಆಮೇಲೆ. ಯಾವ ಗುಡ್ಡದ್ದು, ಯಾರು ಯಾವಾಗ ತಂದರು ಎಂಬುದು ಗೊತ್ತಿಲ್ಲದ ಗಿಡ ನೆರಳಿಗೋ ಅಂದಕ್ಕೋ ಆದೀತು. ಅಧ್ಯಯನಕ್ಕೂ ಕಾಡು ಮರಳಿ ಬೆಳೆಸುವುದಕ್ಕೂ ಅದನ್ನು ನಂಬಿ ಬಳಸಲಾಗದು.

ತೋಟಕ್ಕೆ ಬಂದ ಪ್ರತಿಯೊಂದಕ್ಕೂ ಸೇರ್ಪಡೆ ಸಂಖ್ಯೆ ಕೊಡುತ್ತೇವೆ. ಉದಾಹರಣೆಗೆ 2019-0147 ಎಂದರೆ 2019ರಲ್ಲಿ ಬಂದ 147ನೇ ಸೇರ್ಪಡೆ. ಒಟ್ಟಿಗೆ ಬಂದ ಒಂದು ಕಂತು ಬೀಜದಿಂದ ಐದು ಗಿಡ ಎದ್ದಿದ್ದರೆ ಸಂಖ್ಯೆಯ ಮುಂದೆ ಎ, ಬಿ, ಸಿ ಎಂದು ಸೇರಿಸುತ್ತೇವೆ. ಕಡ್ಡಿ ಕೊಟ್ಟರೆ ಅದೇ ಸಂಖ್ಯೆ, ಅದೇ ಅಕ್ಷರ ಹೋಗುತ್ತದೆ, ಏಕೆಂದರೆ ಅದು ಅದೇ ಗಿಡ. ತೋಟದೊಳಗೆ ಕಟ್ಟಿದ ಬೀಜಕ್ಕೆ ಮಾತ್ರ ಹೊಸ ಸಂಖ್ಯೆ ಕೊಟ್ಟು, ತಾಯಿಯ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಬೇಕು. ತಂದೆ ಯಾವುದೆಂದು ಯಾರೂ ಹೇಳಲಾರರು. ಲೋಳೆಸರದ ಬೇರೆ ಬೇರೆ ಜಾತಿಗಳು ಅಕ್ಕಪಕ್ಕ ಇದ್ದರೆ ಸಲೀಸಾಗಿ ಬೆರೆಯುತ್ತವೆ. ಅದಕ್ಕೇ ಲೋಳೆಸರದ ಬೀಜವನ್ನು ನಾವು ಯಾರಿಗೂ ಕೊಡುವುದಿಲ್ಲ, ಬುಡದ ಮರಿ ಕಿತ್ತು ಕೊಡುತ್ತೇವೆ.

ತೋಟದಲ್ಲಿ ಒಂದೇ ಗಿಡ ಉಳಿದಿದ್ದರೆ ಮೊದಲು ನಮಗೇ ಎರಡು ಸಸಿ ಮಾಡಿಕೊಂಡು, ಅವು ಬೇರುಬಿಟ್ಟು ನಿಂತ ಮೇಲೆ ಹೊರಗೆ ಕೊಡುವುದು. ಹಾಗೆಂದು ವರ್ಷಗಟ್ಟಲೆ ಕೊಡದೆ ಇಟ್ಟುಕೊಳ್ಳುವುದೂ ಸರಿಯಲ್ಲ. ಒಂದೇ ತೋಟದಲ್ಲಿರುವ ಅಪರೂಪದ ಗಿಡ ಒಂದು ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದರೆ ಹೋಯಿತು. ಮೂರು ಊರಲ್ಲಿದ್ದರೆ ಎಲ್ಲಾದರೂ ಒಂದು ಕಡೆ ಉಳಿಯುತ್ತದೆ.

ಬೀಜದಲ್ಲಿ ಎರಡು ಸ್ವಭಾವ. ಕಗ್ಗಲಿ, ತಂಗಡಿಯಂಥವು ಒಣಗಿಸಿದಷ್ಟೂ ಬಾಳುತ್ತವೆ. ಜಾಲಾರಿಯ ಬೀಜ ಒಣಗಿದರೆ ಸತ್ತಂತೆ. ಮಳೆಗಾಲದ ಮೊದಲ ಹನಿಗಳ ಹೊತ್ತಿಗೆ ಉದುರುವ ಬೀಜವನ್ನು ರೆಕ್ಕೆ ಮುರಿದು, ತೇವದ ತೆಂಗಿನ ನಾರಿನ ಪುಡಿಯಲ್ಲಿ ಹಾಕಿ, ವಾರದೊಳಗೆ ಬಿತ್ತುವವರ ಕೈಗೆ ಮುಟ್ಟಿಸಬೇಕು. ಬೇವಿನ ಬೀಜಕ್ಕೆ ಇನ್ನು ಕೆಲವು ವಾರ ಹೆಚ್ಚು ಸಿಗುತ್ತದೆ, ಅಷ್ಟೇ. ತಿರುಳು ತೊಳೆದು ನೆರಳಲ್ಲಿ ಆರಿಸದಿದ್ದರೆ ಅದೂ ಇಲ್ಲ, ಬೂಸಲು ಹಿಡಿಯುತ್ತದೆ. ಕಮರದ ಬೀಜ ಇಡಲು ಸುಲಭ, ಸಿಗುವುದು ಕಷ್ಟ: ಮರ ತುಂಬ ಕಾಯಿ ಬಿಡುವುದು ಮೂರರಿಂದ ಐದು ವರ್ಷಕ್ಕೊಮ್ಮೆ. ಆ ವರ್ಷವೇ ಸಾಕಷ್ಟು ಕೂಡಿಟ್ಟು, ಕೇಳಿದವರ ಪಟ್ಟಿ ನೋಡಿ ಹಂಚುತ್ತೇವೆ.

ಒಣಗುವ ಬೀಜ ಸಾಕಷ್ಟು ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಕಿಲ್ಲ. ಒಣ ಗಾಜಿನ ಬಾಟಲಿಗೆ ಕಾಲು ಭಾಗ ಚೆನ್ನಾಗಿ ಒಣಗಿದ ಪುಡಿ ಉಪ್ಪು, ಇನ್ನು ಕಾಲು ಭಾಗ ಬೀಜ ಹಾಕಿ, ಮುಚ್ಚಳ ಬಿಗಿದು, ಕುಲುಕಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಬೀಜ ಇನ್ನೂ ಹಸಿ. ಅಂಟದಿದ್ದರೆ ತೇವ ಹೀರುವ ಸಿಲಿಕಾ ಜೆಲ್ ಹರಳನ್ನು ಬೀಜದ ತೂಕದಷ್ಟೇ ಜೊತೆಗಿಟ್ಟು ಇನ್ನೊಂದು ವಾರ ಒಣಗಿಸಿ, ಕಾಗದದ ಲಕೋಟೆಗೆ ತುಂಬುತ್ತೇವೆ. ಉಪ್ಪಿಗೆ ಹಾಕಿದ ಬೀಜವನ್ನು ಮಾತ್ರ ಕಂತಿಗೆ ಮರಳಿಸಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಅರೆಹಸಿ ಬೀಜ ಬೆವರಿ ಕೊಳೆಯುವುದು ನಾವು ಪಡೆದ ಪೊಟ್ಟಣಗಳಲ್ಲೂ ಕಾಣುವ ದೋಷ.

ಕಳಿಸುವ ಮುನ್ನ 50 ಬೀಜವನ್ನು ಒದ್ದೆ ಕಾಗದದ ಮೇಲೆ ಮೊಳೆಸಿ ನೋಡಿ, ಶೇಕಡಾವಾರನ್ನೂ ಪರೀಕ್ಷೆಯ ದಿನಾಂಕವನ್ನೂ ಲಕೋಟೆಯ ಮೇಲೆ ಬರೆಯಬೇಕು. ಅದರಡಿಯಲ್ಲಿ ಬಿತ್ತುವ ಕ್ರಮವನ್ನೂ ಬರೆಯುತ್ತೇವೆ: ತಂಗಡಿಯಾದರೆ ಕುದಿಸಿ ಇಳಿಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ಶ್ರೀಗಂಧವಾದರೆ ಮೊಳಕೆ ಎಬ್ಬಿಸುವ ಜಿಬ್ಬೆರೆಲಿಕ್ ಆಮ್ಲದ 500 ಪಿಪಿಎಂ (ಲೀಟರ್ ನೀರಿಗೆ 500 ಮಿಲಿಗ್ರಾಂ) ದ್ರಾವಣದಲ್ಲಿ ರಾತ್ರಿ ನೆನೆಸಿ, ಸಸಿ ಬೇರಿನಿಂದ ಹೀರಿ ಬದುಕಲು ಪಕ್ಕದಲ್ಲಿ ಆಸರೆ ಗಿಡವಾಗಿ ತೊಗರಿ ಹಾಕಿ. ಇದನ್ನು ಬರೆಯದಿದ್ದರೆ ಹುಟ್ಟಲಿಲ್ಲವೆಂದು ಆರು ತಿಂಗಳ ನಂತರ ಪತ್ರ ಬರುವುದು ಖಂಡಿತ.

ಗುಡ್ಡಕ್ಕೆ ಹಾಕುವವರಿಗೆ ಒಂದೇ ಮರದ ಬೀಜ ತುಂಬಿ ಕೊಡಬಾರದು. ಎಲ್ಲ ಗಿಡಗಳೂ ಒಡಹುಟ್ಟುಗಳಾಗಿ ಮುಂದಿನ ತಲೆಮಾರು ಸೊರಗುತ್ತದೆ. ತಾಯಿಮರಗಳು ಎಷ್ಟಿವೆಯೋ ಅಷ್ಟರಿಂದಲೂ ಸಮಪಾಲು ತೆಗೆಯಬೇಕು. ಕಾಡಲ್ಲೇ ಸಂಗ್ರಹಿಸುವುದಾದರೆ 50 ಮರಗಳಾದರೂ ಇರಲಿ, ಆ ದಿನ ಮಾಗಿರುವ ಬೀಜದಲ್ಲಿ ಐದನೇ ಒಂದು ಪಾಲು ಮೀರಬಾರದು. ಜೋಗಿಮಟ್ಟಿಯಂಥ ಅರಣ್ಯದೊಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಕಾಯಿಯನ್ನೂ ಕೀಳುವಂತಿಲ್ಲ. ಅನುಮತಿ ಪತ್ರದ ಸಂಖ್ಯೆಯೂ ದಾಖಲೆಗೆ ಸೇರಬೇಕು.

ಕಡ್ಡಿ ಕಳಿಸಲು ನಮ್ಮ ಬಿಸಿಲಿಗೆ ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಪಾರ್ಸೆಲ್ ವ್ಯಾನಿನೊಳಗೇ ಬೆಂದುಹೋಗುತ್ತವೆ. ಅಮೃತಬಳ್ಳಿಯಾದರೆ ಪೆನ್ಸಿಲ್ ದಪ್ಪದ, ಗೇಣುದ್ದದ, ಎರಡು ಮೂರು ಗೆಣ್ಣಿರುವ ತುಂಡು. ಬುಡ ಓರೆ, ತುದಿ ನೇರ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ಗೊಂದಲವಿಲ್ಲ. ಇದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಒಂದೇ ಬಳ್ಳಿಯಿಂದ ನೂರು ಕಡ್ಡಿ ಕೊಟ್ಟರೂ ಎಂದಿಗೂ ಬೀಜ ಕಟ್ಟುವುದಿಲ್ಲ. ಹೂ ನೋಡಿ ಗುರುತು ಮಾಡಿಟ್ಟುಕೊಂಡು ಎರಡನ್ನೂ ಕೊಡಬೇಕು. ಮಂಗರವಳ್ಳಿಯನ್ನು ಎರಡು ಮೂರು ದಿನ ನೆರಳಲ್ಲಿ ಆರಿಸಿ, ಕಳ್ಳಿಯನ್ನು ಹಾಲು ನಿಂತು ಗಾಯ ಒಣಗುವವರೆಗೆ ವಾರ ಬಿಟ್ಟು, ಒಣ ಕಾಗದದಲ್ಲಿ ಸುತ್ತಿ. ಕಳ್ಳಿ ಕೊಯ್ಯುವಾಗ ಕೈಗವಸು, ಕನ್ನಡಕ ಇರಲೇಬೇಕು. ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಉಳಿದ ಕಡ್ಡಿಗಳಿಗೆ ಪತ್ರಿಕೆ ಕಾಗದ ನೆನೆಸಿ, ಹನಿ ಬೀಳದಷ್ಟು ಹಿಂಡಿ ಸುತ್ತಿ, ಮೇಲೆ ಪಾಲಿಥಿನ್, ಅದರ ಮೇಲೆ ರಟ್ಟಿನ ಡಬ್ಬ. ಸೋಮವಾರ ಕಳಿಸಿದರೆ ಭಾನುವಾರದ ರಜೆಯಲ್ಲಿ ಗೋದಾಮಿನಲ್ಲಿ ಕೂರುವುದು ತಪ್ಪುತ್ತದೆ.

ಮಣ್ಣು ಕಳಿಸುವುದಿಲ್ಲ. ಮಣ್ಣಿನ ಜೊತೆ ಬೇರಿಗೆ ತಗಲುವ ಜಂತುಹುಳು, ಬೇರುಕೊಳೆ ರೋಗ ಹೋಗುತ್ತವೆ. ಬೇರನ್ನು ತೊಳೆದು, ಉಪ್ಪಿನಂಶ ಹೋಗುವಂತೆ ಎರಡು ಮೂರು ನೀರಲ್ಲಿ ತೊಳೆದ ನಾರಿನ ಪುಡಿಯಲ್ಲಿ ಸುತ್ತುತ್ತೇವೆ. ಗೆಣ್ಣಿನ ಸಂದಿಗಳನ್ನು ಹತ್ತುಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಹಿಟ್ಟು ತಿಗಣೆ ಸಿಕ್ಕಿಬೀಳುತ್ತದೆ. ಪಡೆದವರೂ ನಾಲ್ಕು ವಾರ ಪ್ರತ್ಯೇಕ ಇಟ್ಟು ನೋಡಬೇಕು. ಚೀಟಿ ಒಳಗೊಂದು, ಹೊರಗೊಂದು, ಎರಡೂ ಪೆನ್ಸಿಲ್ಲಿನಲ್ಲಿ. ಶಾಯಿ ಪೆನ್ನಿನ ಬರಹ ತೇವಕ್ಕೆ ಕದಡುತ್ತದೆ.

ಜೊತೆಗೆ ಒಂದು ಪುಟದ ಒಪ್ಪಂದ, ಎರಡು ಪ್ರತಿ: ಯಾವ ಉದ್ದೇಶಕ್ಕೆ, ಮೂರನೆಯವರಿಗೆ ಕೊಡುವ ಮುನ್ನ ನಮ್ಮನ್ನು ಕೇಳಬೇಕು, ಮಾರಾಟಕ್ಕಲ್ಲ. ವಿದೇಶದವರಿಗಾದರೆ 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಚೆನ್ನೈನ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಸೀತಾಳೆಯಂಥ ಆರ್ಕಿಡ್ ಆದರೆ ಸೈಟಿಸ್ (ಅಳಿವಿನ ಭಯವಿರುವ ಜೀವಿಗಳ ದೇಶಾಂತರ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪರವಾನಗಿಯೂ. ಒಪ್ಪಿಗೆ ಬರುವ ಮೊದಲು ಸ್ನೇಹಕ್ಕೆಂದು ಲಕೋಟೆಯಲ್ಲಿ ನಾಲ್ಕು ಬೀಜ ಹಾಕುವುದೂ ಕಾನೂನುಬಾಹಿರ.

ಕೊಡುವುದಕ್ಕೂ ಪಡೆಯುವುದಕ್ಕೂ ಕೊನೆಯದಾಗಿ ನೋಡುವುದು, ಆ ಗಿಡ ಬೇಲಿ ದಾಟುವ ಜಾತಿಯೇ ಎಂದು. ಲಂಟಾನ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದದ ಗಿಡವಾಗಿ ಬಂತು. ಈಗ ನಮ್ಮ ಗುಡ್ಡಗಳ ಕಮರ, ದಿಂಡಿಗದ ಸಸಿಗಳನ್ನು ಮೇಲೇಳಗೊಡುತ್ತಿಲ್ಲ. ಹಕ್ಕಿ ತಿಂದು ಹರಡುವ ಹಣ್ಣು, ತುಂಡಾದಲ್ಲೆಲ್ಲ ಬೇರುಬಿಡುವ ಕಾಂಡ, ವರ್ಷವಿಡೀ ಹೂ ಇವುಗಳಲ್ಲಿ ಎರಡು ಲಕ್ಷಣ ಹೊರಗಿನ ಗಿಡವೊಂದರಲ್ಲಿ ಕಂಡರೆ ನಾವು ಅದನ್ನು ಹಂಚುವ ಪಟ್ಟಿಗೆ ಸೇರಿಸುವುದಿಲ್ಲ.