ಟ್ರೈಪಾಡ್ ಮೇಲೆ ಬೇಟೆ ರೈಫಲ್: ಅಲುಗಾಟ ನಿಲ್ಲಿಸಿದ ನನ್ನ ಅನುಭವ

ನಿಂತುಕೊಂಡು ಹೊಡೆದು ನೂರು ಮೀಟರಿಗೆ ಐದಾರು ಸೆಂಟಿಮೀಟರ್ ಗುಂಪು (ತೂತುಗಳೆಲ್ಲ ಹರಡಿರುವ ಅಗಲ) ಬರುತ್ತದೆ ಅಂದರೆ ಜೊತೆಯವರು ನಗುತ್ತಿದ್ದರು. ಈಗ ನಗುವುದಿಲ್ಲ. ತೂತು ಬಿದ್ದ ಕಾಗದಗಳನ್ನು ಎತ್ತಿಟ್ಟಿದ್ದೇನೆ, ಕೇಳಿದವರಿಗೆಲ್ಲ ತೋರಿಸುತ್ತೇನೆ.

ರೈಫಲ್ ವಿಶೇಷವಾದದ್ದೇನೂ ಅಲ್ಲ. .308 ತೋಟಾದ್ದು, ಮರದ ಸ್ಟಾಕ್ (ಬ್ಯಾರೆಲ್ ಕೂರುವ, ಕೈಯಲ್ಲಿ ಹಿಡಿಯುವ ಮೈ), ಸ್ಕೋಪ್ ಸೇರಿ ನಾಲ್ಕು ಕಿಲೋ ಚಿಲ್ಲರೆ. ಬೆಂಚಿನ ಮೇಲೆ ಮರಳು ಚೀಲಕ್ಕೆ ಒರಗಿಸಿದರೆ ಮೂರು ಸೆಂಟಿಮೀಟರ್ ಆಸುಪಾಸು ಹೊಡೆಯುತ್ತದೆ. ರೈಫಲಿನಲ್ಲಿ ದೋಷ ಇರಲಿಲ್ಲ. ಆದರೆ ಬಯಲಿನಲ್ಲಿ ಬೆಂಚು ಎಲ್ಲಿಂದ ತರೋಣ? ಸೊಂಟದೆತ್ತರದ ಹುಲ್ಲಿದ್ದರೆ ಮಲಗಿ ಹೊಡೆಯೋಕೆ ಆಗಲ್ಲ, ಮುಂದುಗಡೆಯ ಎರಡು ಕಾಲಿನ ಆಸರೆ, ಬೈಪಾಡ್, ಇದ್ದೂ ದಂಡ. ಕೈಯಲ್ಲೇ ಹಿಡಿದು ನಿಂತರೆ ಸ್ಕೋಪಿನೊಳಗಿನ ಅಡ್ಡಗೆರೆ, ಕ್ರಾಸ್‌ಹೇರ್, ಗುರಿಯ ಸುತ್ತ ಅಡಿಯಗಲ ತಿರುಗುತ್ತಿತ್ತು.

ಟ್ರೈಪಾಡ್ ಅಂದಾಗ ಎರಡು ಆಕ್ಷೇಪ ಬಂದವು. ಫೋಟೋ ತೆಗೆಯುವ ಸ್ಟ್ಯಾಂಡು ಒದೆತ ತಡೆಯಲ್ಲ, ಮುರಿಯುತ್ತೆ ಅನ್ನುವುದು ಒಂದು. ಗಟ್ಟಿಯಾಗಿ ಕಚ್ಚಿಸಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತೆ ಅನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ನಿಜ, ಆದರೆ ಅದಕ್ಕೆ ಮದ್ದಿದೆ.

ಮೊದಲು ದುಡ್ಡು ಹೋದ ಕಥೆ. ತಲೆಯ ಮೇಲೆ ವಿ ಆಕಾರದ ಕವಲು ಇರುವ ಅಗ್ಗದ ಟ್ರೈಪಾಡ್ ಕೊಂಡೆ. ಎಡಬಲ ಅಲುಗಾಟ ಕಡಿಮೆಯಾಯಿತು. ಮೇಲೆ ಕೆಳಗೆ ಹಾಗೇ ಉಳಿಯಿತು, ಯಾಕೆಂದರೆ ಸ್ಟಾಕಿನ ಹಿಂತುದಿ, ಬಟ್, ಇನ್ನೂ ನನ್ನ ಭುಜದ ಮೇಲೇ ತೇಲುತ್ತಿತ್ತು. ಹೊಡೆದ ಮೇಲೆ ರೈಫಲ್ ಕವಲಿನಿಂದ ಹಾರಿ ಹೊರಗೆ ಬರುತ್ತಿತ್ತು. ಎರಡನೇ ಗುಂಡಿಗೆ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು. ಅದನ್ನು ಮೂಲೆಗೆ ಹಾಕಿ ಸ್ಯಾಡಲ್ ಕ್ಲಾಂಪ್ ತಂದೆ, ರಬ್ಬರ್ ದವಡೆ ಸ್ಟಾಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದಲ್ಲ, ಅದು. ಕೆಲಸ ಮಾಡುತ್ತದೆ, ಸುಳ್ಳು ಹೇಳಲ್ಲ. ಸ್ಟಾಕಿಗೆ ತೂತು ಕೊರೆಯಲು ಮನಸ್ಸಿಲ್ಲದವರಿಗೆ ಇದೇ ದಾರಿ. ಆದರೆ ಆ ರಬ್ಬರೇ ಬಾಗುತ್ತದೆ. ಇನ್ನಷ್ಟು ಬಿಗಿ ಮಾಡಿದರೆ ಮರದ ಮೇಲೆ ಕಲೆ. ಬೆಲೆಯೋ, ಆ ಟ್ರೈಪಾಡಿಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಅರ್ಧ ದುಡ್ಡಿಗೆ ಮಾರಿದೆ.

ಆಮೇಲೆ ಸ್ಲಿಂಗ್ ಕಟ್ಟುವ ಕೊಂಡಿಗೆ ಸಿಕ್ಕಿಸುವ ಅಡಾಪ್ಟರ್. ಇದನ್ನು ಯಾರೂ ಕೊಳ್ಳಬೇಡಿ. ಆ ಕೊಂಡಿ ಫೋರ್‌ಎಂಡಿನ (ಸ್ಟಾಕಿನ ಮುಂಭಾಗದ) ತುದಿಯಲ್ಲಿ ಒಂದೇ ಮರದ ತಿರುಪಿನಿಂದ ನಿಂತಿರುತ್ತದೆ. ಸ್ಲಿಂಗ್ ಎಳೆಯಲು ಅದು ಸಾಕು, ಒದೆತಕ್ಕಲ್ಲ. ಎರಡು ಪೆಟ್ಟಿಗೆ ತೋಟಾ ಮುಗಿಯುವ ಹೊತ್ತಿಗೆ ಮರದ ಎಳೆ ಸಮೇತ ಕಿತ್ತು ಬಂತು. ತಿರುಪು ಒಂದೇ ಆದ್ದರಿಂದ ಅದರ ಸುತ್ತ ರೈಫಲ್ ತಿರುಗುವುದು ಬೇರೆ.

ಈಗಿರುವ ಏರ್ಪಾಡು ಹೀಗಿದೆ. ಆಕ್ಷನ್, ಅಂದರೆ ಬ್ಯಾರೆಲ್ ಸಮೇತ ಲೋಹದ ಯಂತ್ರಭಾಗ, ಬಿಚ್ಚಿ ಹೊರಗಿಟ್ಟೆ. ಬ್ಯಾರೆಲ್ ಕೂರುವ ಕಾಲುವೆಯ ಕಡೆಯಿಂದ ಎರಡು ತೂತು, ನಡುವೆ ಆರು ಸೆಂಟಿಮೀಟರ್ ಅಂತರ. ಒಳಗಡೆ ಅಗಲ ತಲೆಯ ಟೀ ನಟ್, ಐದು ಮಿಲಿಮೀಟರ್ ಬೋಲ್ಟಿನದು, ಸುತ್ತ ಎಪಾಕ್ಸಿ ಅಂಟು. ಒದೆತ ಎಳೆಯುವುದು ಮರದ ಎಳೆಗಳನ್ನಲ್ಲ, ಆ ನಟ್ಟಿನ ಅಗಲ ತಲೆಯನ್ನು. ಅದು ಕಿತ್ತು ಬರಬೇಕಾದರೆ ಸ್ಟಾಕೇ ಸೀಳಬೇಕು. ನಟ್ಟಿನ ತಲೆ ಬ್ಯಾರೆಲಿಗೆ ತಾಗಬಾರದು, ಮರದೊಳಗೆ ಪೂರ್ತಿ ಕೂರಲಿ. ಆಕ್ಷನ್ ಮತ್ತೆ ಕೂರಿಸಿ ಬ್ಯಾರೆಲ್ ಕೆಳಗೆ ಕಾಗದದ ಪಟ್ಟಿ ಎಳೆದು ನೋಡಿ. ಎಲ್ಲೂ ಸಿಕ್ಕಿಕೊಳ್ಳಬಾರದು. ಬರೀ ಇಟ್ಟು ನೋಡಿದರೆ ಸಾಲದು. ಟ್ರೈಪಾಡಿಗೆ ಹಾಕಿ, ಮೈಭಾರ ಬಿಟ್ಟು, ಆಗಲೂ ಎಳೆದು ನೋಡಬೇಕು.

ಕೆಳಗೆ ಹದಿನೈದು ಸೆಂಟಿಮೀಟರ್ ಉದ್ದದ ಆರ್ಕಾ ರೈಲು, ಟ್ರೈಪಾಡಿನ ಕ್ಲಾಂಪ್ ಕಚ್ಚಿ ಹಿಡಿಯುವ ಓರೆ ಅಂಚಿನ ಪಟ್ಟಿ. ಮರದ ಅಡಿ ಗುಂಡಗಿರುತ್ತದೆ, ರೈಲು ಚಪ್ಪಟೆ. ನಡುವಿನ ಸಂದಿಗೆ ಎಪಾಕ್ಸಿ ತುಂಬಿ ಅಚ್ಚು ಮಾಡಿದ್ದೇನೆ. ಎಪಾಕ್ಸಿಗೆ ಏನು ಬೆರೆಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ಬಹಳ ಸಾಮಾನು ಹಾಳು ಮಾಡಿದ್ದೇನೆ. ಗಟ್ಟಿ ಇರಬೇಕು, ಆದರೆ ಒದೆತಕ್ಕೆ ಚೂರಾಗಬಾರದು. ಇಷ್ಟು ಹೇಳಿದರೆ ಕೈಪಳಗಿದವರಿಗೆ ಅರ್ಥವಾಗುತ್ತೆ.

ರೈಲು ಎಲ್ಲಿರಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ತುಂಬಾ ಜನ ಬೈಪಾಡಿನ ಅಭ್ಯಾಸದಲ್ಲಿ ಫೋರ್‌ಎಂಡಿನ ತುದಿಗೆ ಹಾಕುತ್ತಾರೆ. ನಾನು ಮ್ಯಾಗಜೀನಿನ ಮುಂದೆಯೇ ಶುರು ಮಾಡಿದೆ. ರೈಫಲ್ ತೂಗುವ ಜಾಗ ಅಲ್ಲೇ. ತೂಕದ ನಡುವನ್ನು ಹಿಡಿದರೆ ಹೆಡ್ (ಟ್ರೈಪಾಡಿನ ನೆತ್ತಿಯ ತಿರುಗುವ ಭಾಗ) ಮೇಲೆ ಬ್ಯಾರೆಲಿನ ಮೂತಿ ಕೆಳಗೆ ಬೀಳುವುದಿಲ್ಲ, ಬಟ್ಟೂ ಜೋಲುವುದಿಲ್ಲ, ಗುರಿಗೆ ತರಲು ಒಂದು ಬೆರಳು ಸಾಕು. ಇನ್ನೊಂದು ಲಾಭವಿದೆ. ಅಲ್ಲಿ ಸ್ಟಾಕ್ ದಪ್ಪ, ಬಾಗುವುದಿಲ್ಲ. ಗೆಳೆಯನೊಬ್ಬನ ರೈಫಲಿಗೆ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಸ್ಟಾಕ್ ಇದೆ. ಅವನು ತುದಿಗೆ ಪ್ಲೇಟ್ ಹಾಕಿಸಿದ್ದ. ಮುಂದಕ್ಕೆ ಒರಗಿದರೆ ಸಾಕು, ಸ್ಟಾಕ್ ಬಾಗಿ ಬ್ಯಾರೆಲಿಗೆ ತಾಗುತ್ತಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ನೆಟ್ಟಗೆ. ಸ್ಕೋಪ್ ಕೆಟ್ಟಿದೆ ಅಂತ ಸ್ಕೋಪನ್ನೇ ಬದಲಾಯಿಸಿದ, ಪಾಪ.

ಆರ್ಕಾ ಪ್ಲೇಟ್ ಸುಮಾರು 38 ಮಿಲಿಮೀಟರ್ ಅಗಲ, ಅಂಚು 45 ಡಿಗ್ರಿ ಓರೆ. ಆದರೆ ಎಲ್ಲರೂ ಒಂದೇ ಅಳತೆಗೆ ಮಾಡುವುದಿಲ್ಲ. ಲಿವರ್ ಕ್ಲಾಂಪ್ ಒಂದು ಕಂಪನಿಯ ರೈಲಿಗೆ ಬಿಗಿಯಾಗುತ್ತದೆ, ಇನ್ನೊಂದರದ್ದಕ್ಕೆ ಸಡಿಲ. ಆ ಸಡಿಲ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ನೋಡಿ. ಕ್ಲಾಂಪ್ ಆರು ಸೆಂಟಿಮೀಟರ್ ಉದ್ದ, ಒಳಗೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಆಟ ಇದೆ ಅಂದುಕೊಳ್ಳಿ. ನೂರು ಮೀಟರ್ ಆಚೆಗೆ ಅದು ಹದಿನೇಳು ಸೆಂಟಿಮೀಟರ್! ಗುರಿ ಹಿಡಿದಾಗ ಆ ಆಟ ಕಾಣಿಸುವುದಿಲ್ಲ. ಟ್ರಿಗರ್ ಒತ್ತುವ ಕ್ಷಣದಲ್ಲಿ ರೈಫಲ್ ಆ ಕಡೆಯಿಂದ ಈ ಕಡೆಗೆ ಕೂರುತ್ತದೆ, ಅಷ್ಟರಲ್ಲಿ ಗುಂಡು ಹೋಗಿಯಾಯಿತು. ಅದಕ್ಕೇ ನಾನು ತಿರುಪಿನ ಕ್ಲಾಂಪಿಗೆ ಹೋದೆ. ನಿಧಾನ, ನಿಜ. ಆದರೆ ಯಾವ ರೈಲಾದರೂ ಬಿಗಿಯುತ್ತದೆ.

ಇದು ಊಹೆಯಲ್ಲ, ಲೇಸರ್ ಹಾಕಿ ನೋಡಿದ್ದೇನೆ. ಮೂತಿಗೆ ಸಿಕ್ಕಿಸುವ ಬೋರ್‌ಸೈಟ್ ಲೇಸರ್, ತೋಟಾ ಕೂರುವ ಚೇಂಬರಿನಲ್ಲಿ ಸ್ನ್ಯಾಪ್ ಕ್ಯಾಪ್ ಅನ್ನುವ ನಕಲಿ ತೋಟಾ, ಇಪ್ಪತ್ತು ಮೀಟರ್ ದೂರದ ಗೋಡೆ. ನಿಜವಾದ ತೋಟಾ ಆ ಕೋಣೆಯಲ್ಲೇ ಇರಲಿಲ್ಲ. ಫೋನಿನಲ್ಲಿ ಗೋಡೆಯ ಮೇಲಿನ ಚುಕ್ಕಿಯ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿದೆ. ಸಡಿಲ ಕ್ಲಾಂಪಿನಲ್ಲಿ ಟ್ರಿಗರ್ ಒತ್ತಿದಾಗ ಚುಕ್ಕಿ ಒಂದು ಸೆಂಟಿಮೀಟರ್ ಪಕ್ಕಕ್ಕೆ ಜಿಗಿಯಿತು. ನೂರು ಮೀಟರಿಗೆ ಐದು ಅಂತಾಯಿತು. ಬಿಗಿ ಕ್ಲಾಂಪಿನಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದು ತೋಟಾ ಸುಡದೆ ಇಷ್ಟು ಗೊತ್ತಾಯಿತು. ಇಡೀ ಕೆಲಸದಲ್ಲಿ ಅಗ್ಗದ ಪಾಠ ಇದೊಂದೇ.

ಹೆಡ್ ವಿಷಯಕ್ಕೆ ಬಂದರೆ, ಪೆಟ್ಟಿಗೆಯ ಮೇಲೆ ಬರೆದಿರುವ ಭಾರದ ಲೆಕ್ಕ ನಂಬಬೇಡಿ. ಅದು ಸುಮ್ನೆ ಕೂತಿರುವ ಕ್ಯಾಮೆರಾದ ಲೆಕ್ಕ. ನಾವು ನಾಲ್ಕು ಕಿಲೋ ರೈಫಲ್ ಇಡುತ್ತೇವೆ, ಮೇಲೆ ಮೈಭಾರ ಒರಗಿಸುತ್ತೇವೆ, ಆಮೇಲೆ ಒದೆತ. ನನ್ನ ಮೊದಲ ಬಾಲ್ ಹೆಡ್ ಹತ್ತು ಕಿಲೋ ಹೊರುತ್ತದೆ ಅಂತ ಬರೆದಿತ್ತು. ಪ್ರತಿ ಗುಂಡಿಗೂ ಮೂತಿ ಒಂಚೂರು ಕೆಳಗೆ ಜಾರುತ್ತಿತ್ತು. ಬಿಚ್ಚಿದರೆ ಚೆಂಡಿನ ಮೇಲೆ ಗ್ರೀಸ್. ಸ್ಪಿರಿಟ್‌ನಲ್ಲಿ ಒರೆಸಿದೆ, ಹಿಡಿತ ಬಂತು, ಆದರೆ ತಿರುಗಿಸುವಾಗ ತಡೆದು ತಡೆದು ಓಡತೊಡಗಿತು. ಕೊನೆಗೆ ದೊಡ್ಡ ಚೆಂಡಿನ ಹೆಡ್ ತಂದೆ. ದುಡ್ಡು ಉರಿಯಿತು, ಬೆಲೆ ಸ್ಕೋಪಿನ ಅರ್ಧದಷ್ಟು.

ಕಾಲುಗಳಿಗೆ ನನ್ನ ಸೂತ್ರ ಸರಳ: ಮೇಲಿನ ಕೊಳವೆ 32 ಮಿಲಿಮೀಟರಿಗೆ ಕಡಿಮೆ ಇರಬಾರದು, ನಡುವಿನ ಕಂಬ ಇರಲೇಬಾರದು. ಕಂಬ ಏರಿಸಿದರೆ ಮೂರು ಕಾಲಿನ ಟ್ರೈಪಾಡ್ ಒಂದು ಕಾಲಿನದ್ದಾಗುತ್ತದೆ. ನಾನು ಗರಗಸ ತಗೊಂಡು ಕತ್ತರಿಸಿಯೇ ಬಿಟ್ಟೆ. ದಪ್ಪ ಭಾಗ ಮೊದಲು ಎಳೆಯಿರಿ, ತೀರಾ ತೆಳ್ಳನೆಯ ಕೊನೆಯ ಭಾಗ ಆದಷ್ಟು ಒಳಗೇ ಇರಲಿ. ಕಾರ್ಬನ್ ಚೆನ್ನ, ನಡುಕ ಬೇಗ ಸಾಯುತ್ತದೆ, ಹೆಗಲಿಗೂ ಹಗುರ. ಆದರೆ ಒಳ್ಳೆಯ ಅಲ್ಯೂಮಿನಿಯಂ ಟ್ರೈಪಾಡಿನ ಎರಡು ಮೂರು ಪಟ್ಟು ದುಡ್ಡು. ನನ್ನದು ಅಲ್ಯೂಮಿನಿಯಮ್ಮೇ. ಮೇಲೆ ಸೈಕಲ್ ಟ್ಯೂಬ್ ಸುತ್ತಿದ್ದೇನೆ, ಕಲ್ಲಿಗೆ ತಾಗಿದರೆ ಠಣ್ ಅನ್ನಲ್ಲ.

ಕೊಳವೆಯೊಳಗೆ ಮರಳು ತುಂಬಿಯೂ ನೋಡಿದೆ. ಹೊರುವ ಭಾರ ಒಂದೂವರೆ ಕಿಲೋ ಏರಿತು, ಕಾಗದದ ಮೇಲೆ ವ್ಯತ್ಯಾಸ ಕಾಣಲಿಲ್ಲ. ಕೆಳಗಿನ ಕೊಕ್ಕೆಗೆ ಬ್ಯಾಗ್ ನೇತು ಹಾಕಿದರೆ ಗಾಳಿಗೆ ಅದೇ ತೂಗಾಡಿ ಟ್ರೈಪಾಡನ್ನೂ ಅಲ್ಲಾಡಿಸುತ್ತದೆ. ಬ್ಯಾಗಿನ ತಳ ನೆಲಕ್ಕೆ ತಾಗುವಂತೆ ಹಗ್ಗ ಉದ್ದ ಬಿಟ್ಟರೆ ಪ್ರಯೋಜನ ಇದೆ.

ಕಾಲು ಇಡುವುದರಲ್ಲಿ ಜಗಳ ಬಹಳ. ಒಂದು ಕಾಲು ಮುಂದೆ ಅನ್ನುವವರು ಇದ್ದಾರೆ, ಎರಡು ಮುಂದೆ ಅನ್ನುವವರೂ ಇದ್ದಾರೆ. ಸಮ ನೆಲದಲ್ಲಿ ನಾನು ಒಂದನ್ನು ಗುರಿಯ ಕಡೆಗೆ ಇಟ್ಟು ಉಳಿದೆರಡರ ನಡುವೆ ನಿಂತು ಮುಂದಕ್ಕೆ ಒರಗುತ್ತೇನೆ. ಇಳಿಜಾರಾದರೆ ಬೇರೆ ಮಾತೇ ಇಲ್ಲ, ಎರಡು ಕಾಲು ಕೆಳಗಡೆಗೆ.

ಇಷ್ಟಾದರೂ ಬಟ್ ಬಾಕಿ ಇದೆ ಅಲ್ವಾ? ಕ್ಲಾಂಪ್ ರೈಫಲನ್ನು ಹೊತ್ತಿರುವುದರಿಂದ ಎಡಗೈಗೆ ಕೆಲಸ ಇಲ್ಲ. ಅದನ್ನು ಎದೆಯ ಅಡ್ಡ ತಂದು ಬಟ್ಟಿನ ಕೆಳಗೆ ಮುಷ್ಟಿ ಮಾಡಿ. ಮುಷ್ಟಿ ಬಿಗಿದರೆ ಮೂತಿ ಇಳಿಯುತ್ತದೆ, ಸಡಿಲಿಸಿದರೆ ಏರುತ್ತದೆ. ಬಲ ಮೊಣಕೈ ಗಾಳಿಯಲ್ಲಿ ಬಿಡಬೇಡಿ. ನಡೆಯುವ ಕೋಲನ್ನು ಕಂಕುಳಿಗೆ ಆನಿಸಿದೆ ನೋಡಿ, ಉಳಿದಿದ್ದ ಅಲುಗಾಟದಲ್ಲಿ ಅರ್ಧ ಮಾಯ. ಹತ್ತು ಸೆಂಟಿಮೀಟರ್ ಗುಂಪು ಐದಾರಕ್ಕೆ ಇಳಿದದ್ದು ಆ ಕೋಲಿನಿಂದ, ದುಬಾರಿ ಹೆಡ್ಡಿನಿಂದಲ್ಲ. ಕೋಲಿನ ತುದಿಯಲ್ಲಿ ಏನು ಕಟ್ಟಿದ್ದೇನೆ ಅನ್ನುವುದು ಇನ್ನೊಂದು ಗುಟ್ಟು.

ಈಗ ಗುಂಡು ಬೀಳುವ ಜಾಗದ ಮಾತು. ಟ್ರಿಗರ್ ಎಳೆದು ತೋಟಾ ಹತ್ತಿದ ಮೇಲೆ ಗುಂಡು ಬ್ಯಾರೆಲ್ ಬಿಡಲು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲೇ ನನ್ನಂಥ ರೈಫಲ್ ಒಂದೂವರೆ ಮಿಲಿಮೀಟರ್ ಹಿಂದಕ್ಕೆ ಬಂದಿರುತ್ತದೆ. ಆ ಚಲನೆಗೆ ಏನು ಅಡ್ಡ ಇದೆ ಅನ್ನುವುದರ ಮೇಲೆ ಮೂತಿಯ ದಿಕ್ಕು ಬದಲಾಗುತ್ತದೆ. ಮರಳು ಚೀಲದ ಜೀರೋಗೆ (ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದ್ದಕ್ಕೆ) ಹೋಲಿಸಿದರೆ ಟ್ರೈಪಾಡಿನಲ್ಲಿ ನನ್ನದು ನೂರು ಮೀಟರಿಗೆ ಎರಡೂವರೆ ಸೆಂಟಿಮೀಟರ್ ಮೇಲೆ ಹೊಡೆಯುತ್ತದೆ. ಪ್ರತಿ ಸಲವೂ ಅಷ್ಟೇ. ಹಾಗಿದ್ದ ಮೇಲೆ ತಲೆನೋವೇನು? ಸ್ಕೋಪಿನ ತಿರುಗುಗುಂಡಿಯ 0.1 ಮಿಲ್‌ನ (ಮಿಲ್ ಕೋನದ ಅಳತೆ) ಒಂದು ಕ್ಲಿಕ್ ಅಂದರೆ ಆ ದೂರಕ್ಕೆ ಒಂದು ಸೆಂಟಿಮೀಟರ್. ಎರಡು ಮೂರು ಕ್ಲಿಕ್ ಇಳಿಸಿ, ಟ್ರೈಪಾಡಿನ ಮೇಲೇ ಜೀರೋ ಮಾಡಿದೆ. ಚೀಲದ ಮೇಲೆ ಎಷ್ಟು ವ್ಯತ್ಯಾಸ ಅಂತ ಚೀಟಿ ಬರೆದು ಸ್ಟಾಕಿಗೆ ಅಂಟಿಸಿದ್ದೇನೆ. ನಿಮ್ಮ ರೈಫಲಿನ ಸಂಖ್ಯೆ ಬೇರೆ ಇರುತ್ತದೆ. ನನ್ನದನ್ನು ನಕಲು ಮಾಡಬೇಡಿ, ಹೊಡೆದು ನೋಡಿ.

ಒಂದು ಎಚ್ಚರಿಕೆ. ಸ್ಕೋಪಿನ ನಡುಗೆರೆ ಬ್ಯಾರೆಲಿಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರುತ್ತದೆ. ಕುಳಿತು ಹೊಡೆಯುವಾಗ ಸ್ಕೋಪಿನಲ್ಲಿ ಬಯಲು ಪೂರ್ತಿ ತೆರೆದಿರುತ್ತದೆ, ಮೂತಿಯ ಮುಂದೆ ಬಂಡೆ ಇರುತ್ತದೆ. ಹೊಡೆಯುವ ಮುಂಚೆ ಸ್ಕೋಪಿನಿಂದ ಕಣ್ಣು ತೆಗೆದು ಬ್ಯಾರೆಲ್ ಉದ್ದಕ್ಕೆ ಪಕ್ಕದಿಂದ ನೋಡಿ. ಟ್ರೈಪಾಡಿಗೆ ಹಾಕುವಾಗಲೂ ತೆಗೆಯುವಾಗಲೂ ರೈಫಲಿನ ಬೋಲ್ಟ್ (ಚೇಂಬರ್ ಮುಚ್ಚುವ ಭಾಗ) ತೆರೆದು ಚೇಂಬರ್ ಖಾಲಿ ಇರಲಿ. ಕ್ಲಾಂಪ್ ಹಿಡಿದಿದೆ ಅಂತ ತೋಟಾ ತುಂಬಿದ ರೈಫಲ್ ಬಿಟ್ಟು ಆಚೆ ಹೋಗುವವರ ಪಕ್ಕ ನಾನು ನಿಲ್ಲುವುದಿಲ್ಲ.

ಮುನ್ನೂರು ಮೀಟರಿಗೆ ಗುಂಪು ಹದಿನೆಂಟು ಇಪ್ಪತ್ತು ಸೆಂಟಿಮೀಟರ್ ಆಗುತ್ತದೆ. ಬೇಟೆಗೆ ಅನುಮತಿ ಇರುವ ಕಡೆಯೂ ನಿಂತು ಹೊಡೆಯುವುದಾದರೆ ನಾನು ಇನ್ನೂರಕ್ಕೇ ನಿಲ್ಲುತ್ತೇನೆ, ಅದರಾಚೆ ಉಕ್ಕಿನ ತಟ್ಟೆಗೆ ಮಾತ್ರ.

ದುಡ್ಡು ಹೇಗೆ ಹಂಚಬೇಕು ಅಂತ ಕೇಳುವವರಿಗೆ: ಹತ್ತು ಪಾಲು ಇದ್ದರೆ ಐದು ಕಾಲಿಗೆ, ನಾಲ್ಕು ಹೆಡ್ಡಿಗೆ, ಒಂದು ರೈಲಿಗೆ ಮತ್ತು ಎಪಾಕ್ಸಿಗೆ. ಚೆನ್ನಾಗಿ ಹೊಡೆಯುತ್ತಿದ್ದ ರೈಫಲಿನ ಗುಂಪು ಒಂದು ದಿನ ಇದ್ದಕ್ಕಿದ್ದಂತೆ ಅಗಲವಾದರೆ ಸ್ಕೋಪಿಗೆ ಕೈ ಹಾಕಬೇಡಿ. ಮೊದಲು ರೈಲಿನ ಬೋಲ್ಟು, ಆಮೇಲೆ ಹೆಡ್ಡಿನ ಬುಡದ ತಿರುಪು, ಆಮೇಲೆ ಕಾಲಿನ ಕೀಲು, ಆಮೇಲೆ ಆಕ್ಷನ್ ಸ್ಕ್ರೂ. ನನಗೆ ಹೆಚ್ಚಾಗಿ ಮೊದಲನೆಯದರಲ್ಲೇ ಸಿಕ್ಕಿದೆ. ಬಿಚ್ಚಲು ಬರುವಂಥ ನೀಲಿ ಥ್ರೆಡ್‌ಲಾಕರ್ ಒಂದು ತೊಟ್ಟು ಹಾಕಿ ಬಿಗಿಯಿರಿ, ಕೆಂಪು ಬೇಡ.