ಹಡಗಿನ ಪ್ರವಾಸಕ್ಕೆ ಇನ್ಸುಲಿನ್ ಒಯ್ಯುವುದು ಹೇಗೆ?

ಕ್ಯಾಬಿನ್ ಒಳಗೆ ಕಾಲಿಟ್ಟ ಕೂಡಲೇ ಅವ್ವ ಹುಡುಕಿದ್ದು ಫ್ರಿಜ್. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೊರಟ ಹಡಗು, ಐದು ದಿನದ ಪ್ರವಾಸ. ಮೇಜಿನ ಕೆಳಗಿದ್ದ ಪುಟ್ಟ ಪೆಟ್ಟಿಗೆಯ ಬಾಗಿಲು ತೆಗೆದು ಒಳಗೆ ಅಂಗೈ ಇಟ್ಟು ನೋಡಿದಳು. "ಇದೇನು ಫ್ರಿಜ್ಜೋ ಕಪಾಟೋ? ಕೈಗೆ ತಂಪ ಹತ್ತವಲ್ದಲ್ಲೋ" ಅಂದಳು. ಹುಬ್ಬಳ್ಳಿಯಿಂದ ತಂದಿದ್ದ ಸಣ್ಣ ಥರ್ಮಾಮೀಟರನ್ನು ಒಳಗಿಟ್ಟು ಒಂದು ಗಂಟೆ ಬಿಟ್ಟು ನೋಡಿದರೆ 14 ಡಿಗ್ರಿ. ಇನ್ನೂ ತೆರೆಯದ ಇನ್ಸುಲಿನ್‌ಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್.

ಆ ಥರ್ಮಾಮೀಟರ್ ಇರದಿದ್ದರೆ ಐದೂ ದಿನ ಆ ಪೆಟ್ಟಿಗೆಯನ್ನು ನಂಬಿಕೊಂಡು ಇರುತ್ತಿದ್ದೆವು. ಶುಗರ್ ಇರುವ ಹಿರಿಯರನ್ನು ಕರೆದುಕೊಂಡು ಕ್ರೂಸ್ ಹೋಗುವವರು ನಮ್ಮಲ್ಲೀಗ ಹೆಚ್ಚುತ್ತಿದ್ದಾರೆ. ಅವರೆಲ್ಲ "ಕ್ಯಾಬಿನ್‌ನಲ್ಲಿ ಫ್ರಿಜ್ ಇದೆಯೇ?" ಎಂದು ಕೇಳಿ ಸಮಾಧಾನಪಟ್ಟುಕೊಳ್ಳುತ್ತಾರೆ. ಕೇಳಬೇಕಾದದ್ದು, ಆ ಫ್ರಿಜ್ ಎಷ್ಟು ಡಿಗ್ರಿಗೆ ಇಳಿಯುತ್ತದೆ ಎಂದು.

ಮೊದಲ ಹೆಜ್ಜೆ: ಯಾವುದಕ್ಕೆ ತಂಪು ಬೇಕು?

ಎಲ್ಲ ಇನ್ಸುಲಿನ್‌ಗೂ ಸದಾ ಫ್ರಿಜ್ ಬೇಕು ಎಂಬ ಭಯ ನಮ್ಮ ಮನೆಗಳಲ್ಲಿ ಬೇರೂರಿದೆ. ಬಳಸಲು ಶುರುಮಾಡಿದ ಪೆನ್ (ಪೆನ್ನಿನ ಆಕಾರದ, ಇನ್ಸುಲಿನ್ ತುಂಬಿದ ಇಂಜೆಕ್ಷನ್) ಅಥವಾ ಬಾಟಲಿ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹೊರಗೇ ಇರಬಲ್ಲದು. ಗ್ಲಾರ್ಜಿನ್, ಆಸ್ಪಾರ್ಟ್‌ನಂಥ ಇನ್ಸುಲಿನ್‌ಗಳಿಗೆ 28 ದಿನ, ಡೆಗ್ಲುಡೆಕ್‌ಗೆ 8 ವಾರ. ಹಲವು ಪೆನ್‌ಗಳನ್ನು ಬಳಸತೊಡಗಿದ ಮೇಲೆ ಫ್ರಿಜ್‌ನಲ್ಲಿ ಇಡಲೇಬೇಡಿ ಎಂದು ಪೊಟ್ಟಣದೊಳಗಿನ ಚೀಟಿ ಹೇಳುತ್ತದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಔಷಧಗಳಿಗೆ ಬೇರೆ ಬೇರೆ ಅವಧಿ ಇದೆ. ಆ ಚೀಟಿಯನ್ನು ಬಿಸಾಡಬೇಡಿ, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಅಂದರೆ ಐದು ದಿನದ ಪ್ರವಾಸದಲ್ಲಿ ಈಗ ಬಳಸುತ್ತಿರುವ ಪೆನ್ನಿಗೆ ಎಸಿ ಕ್ಯಾಬಿನ್‌ನ ಮೇಜೇ ಸಾಕು. ತಂಪು ಬೇಕಾದದ್ದು ಹೆಚ್ಚುವರಿಯಾಗಿ ಒಯ್ದ ಪೆನ್‌ಗಳಿಗೆ ಮಾತ್ರ.

ಬಿಸಿಯಷ್ಟೇ ಹೆಪ್ಪುಗಟ್ಟುವುದೂ ಅಪಾಯ. ಒಮ್ಮೆ ಮಂಜಾದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣಬಹುದು, ಆದರೆ ಅದನ್ನು ಬಳಸುವಂತಿಲ್ಲ. ಐಸ್ ಪ್ಯಾಕ್ ನೇರವಾಗಿ ಪೆನ್ನಿಗೆ ತಾಗಬಾರದು. ನಡುವೆ ಒಂದು ಕೈವಸ್ತ್ರ ಸುತ್ತಿ.

ಎರಡನೆಯದು: ಡಾಕ್ಟರ ಬಳಿ ಅರ್ಧ ಗಂಟೆ

ಹೊರಡುವ ಎರಡು ಮೂರು ವಾರ ಮೊದಲೇ ಹೋಗಿ. ಔಷಧದ ಹೆಸರು, ಪ್ರಮಾಣ, ಸೂಜಿ ಬೇಕೆಂಬ ಮಾತು ಇರುವ ಚೀಟಿ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ವಿಮಾನ ನಿಲ್ದಾಣದಲ್ಲಿಯೂ ಬಂದರಿನಲ್ಲಿಯೂ ಅದು ಬೇಕಾಗುತ್ತದೆ. ವಾಂತಿಯಾದರೆ ಏನು ಮಾಡಬೇಕು, ಊಟ ತಪ್ಪಿದರೆ ಎಷ್ಟು ಯೂನಿಟ್ ಎಂಬುದನ್ನೂ ಬರೆಸಿಕೊಳ್ಳಿ. ಲಕ್ಷದ್ವೀಪಕ್ಕೆ ಗಡಿಯಾರ ಬದಲಾಗುವುದಿಲ್ಲ. ಸಿಂಗಪುರದಿಂದ ಹೊರಡುವ ಕ್ರೂಸ್ ಹತ್ತಿದರೆ ಅಲ್ಲಿನ ಸಮಯ ನಮಗಿಂತ ಎರಡೂವರೆ ಗಂಟೆ ಮುಂದು. ಇಂಜೆಕ್ಷನ್ ಹೊತ್ತನ್ನು ಹೇಗೆ ಸರಿಸಬೇಕೆಂದು ಅವರನ್ನೇ ಕೇಳಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಬಹುಪಾಲು ಯು-40, ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಹೊರದೇಶಗಳಲ್ಲಿ ಹೆಚ್ಚಾಗಿ ಸಿಗುವುದು ಯು-100, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಬಾಟಲಿ ಒಡೆದು, ವಿದೇಶದ ಬಂದರಿನಲ್ಲಿ ಹೊಸದು ಕೊಂಡು, ನಮ್ಮ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ಜೀವಕ್ಕೇ ಕುತ್ತು. ಬಾಟಲಿ ಬಳಸುವವರು ಬೇಕಾದ್ದಕ್ಕಿಂತ ಎರಡು ಪಟ್ಟು ಔಷಧವನ್ನೂ ಅದಕ್ಕೆ ಸರಿಹೊಂದುವ ಸಿರಿಂಜನ್ನೂ ಮನೆಯಿಂದಲೇ ಒಯ್ಯಿರಿ.

ಹಡಗಿನವರಿಗೆ ಮೊದಲೇ ತಿಳಿಸಿ

ಬುಕಿಂಗ್ ಆದ ಕೂಡಲೇ ಇಮೇಲ್ ಬರೆಯಿರಿ. ಕ್ಯಾಬಿನ್‌ನ ಫ್ರಿಜ್ 8 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆಯೇ, ಇಲ್ಲದಿದ್ದರೆ ಔಷಧಕ್ಕೆಂದೇ ಬೇರೆ ಫ್ರಿಜ್ ಕೊಡುತ್ತೀರಾ, ಹಡಗಿನ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತೀರಾ, ಸೂಜಿ ಹಾಕಲು ಡಬ್ಬಿ ಸಿಗುತ್ತದೆಯೇ. ಉತ್ತರ ಬರಹದಲ್ಲಿ ಬರಲಿ, ಪ್ರಿಂಟ್ ತೆಗೆದು ಜೊತೆಗಿಡಿ. ನಾನು ಫೋನಿನಲ್ಲಿ ಕೇಳಿದ್ದೆ. "ಎಲ್ಲ ವ್ಯವಸ್ಥೆ ಇದೆ ಸರ್" ಎಂದಿದ್ದರು.

ಪ್ರವಾಸ ವಿಮೆ ಮಾಡಿಸುವಾಗ ಶುಗರ್ ಇರುವುದನ್ನು ಮುಚ್ಚಿಡಬೇಡಿ. ಹಡಗಿನ ಆಸ್ಪತ್ರೆಯಲ್ಲಿ ಡಾಕ್ಟರನ್ನು ಕಾಣಲು ಸಾಮಾನ್ಯವಾಗಿ ಹಣ ಕೊಡಬೇಕಾಗುತ್ತದೆ.

ಕೈಚೀಲ ಕೈಬಿಡಬೇಡಿ

ಔಷಧವನ್ನು ಎರಡು ಪಾಲು ಮಾಡಿ ಇಬ್ಬರ ಕೈಚೀಲದಲ್ಲಿ ಹಾಕಿ. ಒಂದು ಕಳೆದರೂ ಇನ್ನೊಂದು ಇರುತ್ತದೆ. ವಿಮಾನದಲ್ಲಿ ಹೋಗುವವರು ಚೆಕ್-ಇನ್ ಬ್ಯಾಗಿನಲ್ಲಿ ಇನ್ಸುಲಿನ್ ಹಾಕಲೇಬಾರದು. ವಿಮಾನದ ಹೊಟ್ಟೆಯಲ್ಲಿ ಕೆಲವೊಮ್ಮೆ ಅತಿ ಚಳಿ ಇರುತ್ತದೆ, ಬ್ಯಾಗ್ ಬೇರೆ ಊರಿಗೆ ಹೋಗುವುದೂ ಉಂಟು.

ಹಡಗಿನಲ್ಲಿಯೂ ಇದೇ ತೊಡಕು. ಬಂದರಿನಲ್ಲಿ ದೊಡ್ಡ ಬ್ಯಾಗುಗಳಿಗೆ ಚೀಟಿ ಕಟ್ಟಿ ಒಯ್ಯುತ್ತಾರೆ, ಅವು ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆಯೂ ಆಗಬಹುದು. ತಪಾಸಣೆ, ಸಾಲು, ಮತ್ತೆ ಸಾಲು ಎಂದು ಹೊತ್ತು ಹೋಗುತ್ತದೆ. ಮಧ್ಯಾಹ್ನದ ಡೋಸ್, ಗ್ಲುಕೋಮೀಟರ್, ಗ್ಲೂಕೋಸ್ ಪುಡಿ, ಒಂದು ಪೊಟ್ಟಣ ಬಿಸ್ಕತ್ತು, ನೀರು ಇಷ್ಟೂ ಕೈಯಲ್ಲೇ ಇರಬೇಕು. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಸಾಲಿನಲ್ಲಿ ನಿಂತಾಗ ಅದೇ ಹೊಟ್ಟೆ ಕಾಪಾಡಿತು.

ನೀರಲ್ಲಿ ನೆನೆಸಿ ಬಳಸುವ ತಂಪು ಚೀಲಗಳು ಮಾರುಕಟ್ಟೆಯಲ್ಲಿವೆ. ಒಳಗಿನ ಹರಳು ನೀರು ಹೀರಿಕೊಂಡು ಉಬ್ಬುತ್ತದೆ, ಆ ನೀರು ನಿಧಾನವಾಗಿ ಆರುತ್ತಾ ಒಳಗನ್ನು ತಂಪಾಗಿಡುತ್ತದೆ. ನಮ್ಮ ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ. ಕರೆಂಟು ಬೇಡ, ಐಸ್ ಬೇಡ. ಆದರೆ ಇದು ಫ್ರಿಜ್ ಅಲ್ಲ, 8 ಡಿಗ್ರಿಗೆ ಇಳಿಸುವುದಿಲ್ಲ. ಬಳಸುತ್ತಿರುವ ಪೆನ್ ಬಿಸಿಲಲ್ಲಿ ಕಾಯದಂತೆ ನೋಡಿಕೊಳ್ಳುತ್ತದೆ ಅಷ್ಟೆ. ಧಾರವಾಡದ ಒಣಗಾಳಿಯಲ್ಲಿ ಮಾಡುವಷ್ಟು ಕೆಲಸವನ್ನು ಕರಾವಳಿಯ ಸೆಕೆಯಲ್ಲಿ ಅದು ಮಾಡದು, ಯಾಕೆಂದರೆ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿಟ್ಟರಂತೂ ನೀರು ಆರುವುದೇ ಇಲ್ಲ. ಚೀಲದ ಹೊರಗಿನ ಜೇಬಿನಲ್ಲಿ, ಗಾಳಿ ತಾಗುವಂತೆ ಇಡಿ.

ಕ್ಯಾಬಿನ್ ತಲುಪಿದ ಮೇಲೆ

ಸಾಮಾನು ಬಿಚ್ಚುವ ಮೊದಲು ಥರ್ಮಾಮೀಟರನ್ನು ಫ್ರಿಜ್‌ನಲ್ಲಿಡಿ. ಒಂದು ಗಂಟೆಯ ಬಳಿಕ ನೋಡಿ, ರಾತ್ರಿ ಮತ್ತೊಮ್ಮೆ ನೋಡಿ. ಕ್ಯಾಬಿನ್‌ಗಳಲ್ಲಿರುವ ಹಲವು ಪೆಟ್ಟಿಗೆಗಳು ತಂಪು ಪಾನೀಯಕ್ಕೆಂದು ಇಟ್ಟಿರುವ ಕೂಲರ್‌ಗಳು, ಪೂರ್ತಿ ಫ್ರಿಜ್ ಅಲ್ಲ. ಕೆಲವು ಹಡಗುಗಳಲ್ಲಿ ಗೋಡೆಯ ಗೂಡಿಗೆ ಸಿಕ್ಕಿಸಿದ ಕಾರ್ಡ್ ತೆಗೆದುಕೊಂಡು ಹೊರಗೆ ಹೋದರೆ ಫ್ರಿಜ್‌ನ ಕರೆಂಟೂ ಹೋಗುತ್ತದೆ. ಚೆನ್ನಾಗಿ ತಂಪಾಗುವ ಫ್ರಿಜ್ ಸಿಕ್ಕರೆ ಮಂಜು ಕಟ್ಟುವ ಹಿಂಬದಿಗೆ ತಾಗದಂತೆ, ಮುಂದೆ ಇಡಿ.

ನಾವು ಮೂರು ಹೊಸ ಪೆನ್‌ಗಳನ್ನು ಹಡಗಿನ ಆಸ್ಪತ್ರೆಗೆ ಒಯ್ದೆವು. ಅಲ್ಲಿನ ನರ್ಸ್ ಔಷಧದ ಫ್ರಿಜ್ ತೆರೆದು ತೋರಿಸಿದರು, ಅದರ ಮುಖದ ಮೇಲೆಯೇ 4 ಎಂದು ಅಂಕಿ ಹೊಳೆಯುತ್ತಿತ್ತು. ಪೆನ್‌ಗಳನ್ನು ಕವರಿಗೆ ಹಾಕಿ, ಹೆಸರು ಮತ್ತು ಕ್ಯಾಬಿನ್ ನಂಬರ್ ಬರೆದು ಕೊಟ್ಟೆವು. ಕೊಡುವಾಗ ಆಸ್ಪತ್ರೆ ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂದು ಕೇಳಿಕೊಳ್ಳಿ. ಕೊನೆಯ ಬೆಳಿಗ್ಗೆ ಎಲ್ಲರಿಗೂ ಇಳಿಯುವ ಗಡಿಬಿಡಿ ಇರುವುದರಿಂದ ಹಿಂದಿನ ಸಂಜೆಯೇ ವಾಪಸ್ ಪಡೆಯಿರಿ.

ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾದರೆ, ಮಬ್ಬಾಗಿಯೇ ಇರುವ ಬಗೆಯ ಇನ್ಸುಲಿನ್‌ನಲ್ಲಿ ಅಂಗೈ ನಡುವೆ ಉರುಳಿಸಿದರೂ ಗಂಟು ಉಳಿದರೆ ಬಿಸಾಡಿ. ಕೆಟ್ಟದ್ದು ಕಣ್ಣಿಗೆ ಕಾಣದೆಯೂ ಇರಬಹುದು. ಕಾರಣವಿಲ್ಲದೆ ಶುಗರ್ ಏರುತ್ತಲೇ ಹೋದರೆ ಹೊಸ ಪೆನ್ ತೆಗೆಯಿರಿ.

ಊಟ, ತೂಗಾಟ

ಬಫೆಯಲ್ಲಿ ಬಗೆಬಗೆಯ ಸಿಹಿ ಇರುತ್ತದೆ, ಅದರ ಬಗ್ಗೆ ನಾನು ಹೊಸದಾಗಿ ಹೇಳಬೇಕಿಲ್ಲ. ಹೇಳಬೇಕಾದದ್ದು ಹೊತ್ತಿನ ವಿಷಯ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವ ಇನ್ಸುಲಿನ್ ಆದರೆ, ಊಟದ ಕೋಣೆ ತೆರೆದಿದೆಯೇ, ಸಾಲು ಎಷ್ಟಿದೆ ಎಂದು ನೋಡಿಕೊಂಡ ಮೇಲೆಯೇ ಚುಚ್ಚಿಕೊಳ್ಳಿ. ಊಟದ ಹೊತ್ತಿಗೇ ತೆಗೆದುಕೊಳ್ಳುವಂಥದ್ದಾದರೆ ತಟ್ಟೆ ಮುಂದೆ ಬರಲಿ.

ಡೆಕ್ ಮೇಲೆ ಓಡಾಟ, ದ್ವೀಪದಲ್ಲಿ ನಡಿಗೆ, ಬಿಸಿಲು ಎಲ್ಲ ಸೇರಿ ಶುಗರ್ ಇಳಿಯುತ್ತದೆ, ಕೆಲವೊಮ್ಮೆ ಗಂಟೆಗಳ ನಂತರ, ರಾತ್ರಿ ಮಲಗಿದಾಗ. ಬೆವರು, ನಡುಕ, ತಬ್ಬಿಬ್ಬು ಕಂಡರೆ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆಯೂ ಬೇಗ ಕೆಲಸ ಮಾಡದು, ಗ್ಲೂಕೋಸೇ ಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಹಡಗಿನ ಡಾಕ್ಟರನ್ನು ಕರೆಸಿ.

ಸಮುದ್ರ ತೂಗಿದಾಗ ಬರುವ ವಾಂತಿಯನ್ನು ಹಗುರವಾಗಿ ಕಾಣಬೇಡಿ. ಕ್ಯಾಬಿನ್ ಬುಕ್ ಮಾಡುವಾಗಲೇ ಹಡಗಿನ ನಡುಭಾಗದ, ಕೆಳ ಮಹಡಿಯದನ್ನು ಆರಿಸಿ, ಅಲ್ಲಿ ತೂಗಾಟ ಕಡಿಮೆ. ವಾಂತಿ ತಡೆಯುವ ಮಾತ್ರೆ ಮಂಪರು ತರುತ್ತದೆ. ಆ ಮಂಪರೂ ಶುಗರ್ ಇಳಿದಾಗಿನ ಮಂಪರೂ ನೋಡಲು ಒಂದೇ ಥರ, ಆದ್ದರಿಂದ ಮಲಗಲು ಬಿಡುವ ಮೊದಲು ಬೆರಳು ಚುಚ್ಚಿ ನೋಡಿ. ಊಟ ಸೇರುತ್ತಿಲ್ಲವೆಂದು ದಿನಕ್ಕೊಮ್ಮೆ ತೆಗೆದುಕೊಳ್ಳುವ ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳದ್ದು ಬೇರೆ ಕತೆ. ವಾಂತಿಯಾಗುತ್ತಿರುವಾಗ ಅವನ್ನು ಮುಂದುವರಿಸಿದರೆ ರಕ್ತ ಆಮ್ಲವಾಗುವ ಅಪಾಯವಿದೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಾರದು ಎಂಬ ಪಟ್ಟಿ ಡಾಕ್ಟರ ಕೈಬರಹದಲ್ಲಿ ನಿಮ್ಮ ಬಳಿ ಇರಬೇಕು.

ದಡಕ್ಕೆ ಇಳಿಯುವಾಗ

ಲಕ್ಷದ್ವೀಪದಲ್ಲಿ ಹಡಗು ಸಾಮಾನ್ಯವಾಗಿ ದೂರದಲ್ಲೇ ನಿಲ್ಲುತ್ತದೆ, ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ನೀರು ಸಿಡಿಯುತ್ತದೆ. ಗ್ಲುಕೋಮೀಟರ್ ಮತ್ತು ಸ್ಟ್ರಿಪ್ ಡಬ್ಬಿ ಜಿಪ್ ಕವರಿನಲ್ಲಿರಲಿ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿ ಮುಚ್ಚಿ, ತೇವ ತಾಗಿದರೆ ಅಂಕಿ ತಪ್ಪಾಗುತ್ತದೆ. ಎಳನೀರು, ಹಣ್ಣು ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೂ ತಪ್ಪು ಅಂಕಿಯೇ. ಔಷಧದ ಚೀಲವನ್ನು ಮರಳ ಮೇಲೆ ಬಿಟ್ಟು ನೀರಿಗೆ ಇಳಿಯಬೇಡಿ.

ಬರಿಗಾಲು ಬೇಡವೇ ಬೇಡ. ಪಾದದ ಸ್ಪರ್ಶ ಮಂಕಾದವರಿಗೆ ಕಾದ ಮರಳು ಸುಟ್ಟದ್ದೂ ಹವಳದ ಚೂರು ಕೊಯ್ದದ್ದೂ ಗೊತ್ತಾಗುವುದಿಲ್ಲ. ಅವ್ವನ ಪಾದಗಳನ್ನು ಪ್ರತಿ ಸಂಜೆ ಮಡಿಲಲ್ಲಿಟ್ಟುಕೊಂಡು, ಬೆರಳುಗಳ ಸಂದಿಯನ್ನೂ ಬಿಡಿಸಿ, ಫೋನಿನ ಬೆಳಕಿನಲ್ಲಿ ನೋಡುತ್ತಿದ್ದೆ. ಮೂರನೇ ದಿನ ಹಿಮ್ಮಡಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಗೀರು ಸಿಕ್ಕಿತು. ಅವಳಿಗೆ ಅದು ತಿಳಿದೇ ಇರಲಿಲ್ಲ. ತೊಳೆದು ಮುಲಾಮು ಹಚ್ಚಿದೆವು, ನಾಲ್ಕನೇ ದಿನ ಅವಳು ದ್ವೀಪಕ್ಕೆ ಇಳಿಯಲಿಲ್ಲ.

ಬಳಸಿದ ಸೂಜಿಗಳನ್ನು ಕ್ಯಾಬಿನ್‌ನ ಕಸದ ಬುಟ್ಟಿಗೆ ಹಾಕಬೇಡಿ, ಅದನ್ನು ಖಾಲಿ ಮಾಡುವವರ ಕೈಗೆ ಚುಚ್ಚುತ್ತದೆ. ಹಡಗಿನವರು ಡಬ್ಬಿ ಕೊಡದಿದ್ದರೆ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಬಿರಡೆ ಬಿಗಿದು, ಹಡಗಿನ ಆಸ್ಪತ್ರೆಗೆ ಒಪ್ಪಿಸಿ.

ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ದಾರಿಯಲ್ಲಿ ತಂಪು ತಪ್ಪಿದ ಹೊಸ ಪೆನ್‌ಗಳ ಮೇಲೆ, ಅವು ಫ್ರಿಜ್‌ನಿಂದ ಹೊರಬಂದ ತಾರೀಕನ್ನು ಬರೆದು ಅಂಟಿಸಿ. ಪೊಟ್ಟಣದೊಳಗಿನ ಚೀಟಿಯಲ್ಲಿ ಹೇಳಿದ ದಿನಗಳ ಎಣಿಕೆ ಆ ತಾರೀಕಿನಿಂದಲೇ ಶುರು. ಮೊದಲು ಅವನ್ನು ಬಳಸಿ ಮುಗಿಸಿ, ಆಮೇಲೆ ಫ್ರಿಜ್‌ನಲ್ಲಿರುವುದನ್ನು ತೆಗೆಯಿರಿ.