ಟೈಟಲ್ ಹಾಕಿದ್ರ ಏನೂ ಸಿಗವಲ್ದಾ? ಹಿಂಗ ಹುಡುಕಿ ನೋಡ್ರಿ

ಹೋದ ವಾರ ಪಿಎಚ್‌ಡಿ ಮಾಡೋ ಹುಡುಗಿಯೊಬ್ಬಾಕಿ ಕಲಬುರಗಿಯ ನಮ್ಮ ಲೈಬ್ರರಿಗಿ ಬಂದಿದ್ಲು, ಆಳಂದ ತಾಲೂಕಿನ ಮ್ಯಾಲಿನ ಒಂದು ಹಳಿ ಥೀಸಿಸ್ ಬೇಕಾಗಿತ್ತು, ರೆಪಾಸಿಟರಿದಾಗ (ಥೀಸಿಸ್ ಇಡೋ ಲೈಬ್ರರಿಯ ಆನ್‌ಲೈನ್ ಭಂಡಾರ) ಟೈಟಲ್ ಹಾಕಿ ಹಾಕಿ ಸಾಕಾಗಿ "ಸರ, ಅದು ಇಲ್ಲೇ ಇಲ್ರಿ" ಅಂದ್ಲು. ಇತ್ತು. ವಾಟ್ಸಾಪಿನಾಗ ಬಂದಿದ್ದ ಹೆಸರು ಹಂಗೇ ಕಾಪಿ ಪೇಸ್ಟ್ ಮಾಡಿದ್ಲು, ಅದರಾಗ ‘ಆಳ೦ದ’ ಅಂತಿತ್ತು, ಅನುಸ್ವಾರದ ಜಾಗಾದಾಗ ಕನ್ನಡ ಅಂಕಿಯ ಸೊನ್ನಿ ಕುಂತಿತ್ತು. ನಮ್ಮ ಕಣ್ಣಿಗಿ ಎರಡೂ ಒಂದೇ, ಕಂಪ್ಯೂಟರಿಗಿ ಬ್ಯಾರೆ ಬ್ಯಾರೆ.

ಅದಕ್ಕ ಮೊದಲು ಕಾಪಿ ಮಾಡಿದ್ದು ಅಳಿಸಿ ಕೈಲೆ ಟೈಪ್ ಮಾಡ್ರಿ. ‘ನುಡಿ’, ‘ಬರಹ’ ಅನ್ನೋ ಟೈಪಿಂಗ್ ಸಾಫ್ಟ್‌ವೇರಿನ ಹಳಿ ಫಾಂಟಿನಾಗ ಮಾಡಿದ ಪಿಡಿಎಫ್ ಇದ್ರಂತೂ ಕಾಪಿ ಮಾಡಲೇಬ್ಯಾಡ್ರಿ, ಅದರ ಒಳಗ ಇರೋದು ಇಂಗ್ಲಿಷ್ ಅಕ್ಷರ, ಮ್ಯಾಲೆ ಫಾಂಟ್ ಕನ್ನಡ ತೋರಸ್ತದ ಅಷ್ಟೇ.

ಆಮ್ಯಾಗ ಪೂರಾ ಟೈಟಲ್ ಹಾಕಬ್ಯಾಡ್ರಿ. ಅಪರೂಪದ ಎರಡು ಶಬ್ದ ಸಾಕು, ‘ಒಂದು ಅಧ್ಯಯನ’ ಅನ್ನೋದು ಎಷ್ಟೋ ಥೀಸಿಸಿಗಿ ಇರ್ತದ, ಬಿಟ್ಟುಬಿಡ್ರಿ. ಕೋಟ್ಸ್, ಕೋಲನ್, ಹೈಫನ್ ತೆಗೀರಿ. ಭಾಳ ಲೈಬ್ರರಿಗಳು ಡಿಸ್ಪೇಸ್ ಸಾಫ್ಟ್‌ವೇರ್ ಬಳಸ್ತಾವ, ಅದರ ಹಿಂದ ಹುಡುಕೋ ಕೆಲಸ ಮಾಡೋದು ಸೋಲರ್ (Solr) ಅನ್ನೋ ಇನ್ನೊಂದು ಸಾಫ್ಟ್‌ವೇರ್, ಶಬ್ದದ ಮುಂದ ಮೈನಸ್ ಗೆರಿ ಬಂದ್ರ ‘ಈ ಶಬ್ದ ಇರೋದು ಬ್ಯಾಡ’ ಅಂತ ಅದು ತಿಳ್ಕೋತದ.

ನಮ್ಮ ಕಡಿ ಹೆಚ್ಚು ತೊಂದ್ರಿ ಊರ ಹೆಸರಿಂದು. ಗುಲಬರ್ಗಾ ಅನ್ನೋದು ಕಲಬುರಗಿ ಆಗಿದ್ದು 2014ರಾಗ, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಗಿದ್ದು 2019ರಾಗ. ಥೀಸಿಸಿನ ಟೈಟಲ್ ಮಾತ್ರ ಬದಲಾಗಂಗಿಲ್ಲ, 2005ರದ್ದು ಬೇಕಂದ್ರ ಹಳಿ ಹೆಸರೇ ಹಾಕ್ಬೇಕು. ಬೀದರ–ಬೀದರ್, ಯಾದಗಿರಿ–ಯಾದಗಿರ್, ತಾಲೂಕು–ತಾಲ್ಲೂಕು ಎರಡೆರಡು ಸಲ ಹಾಕಿ ನೋಡ್ರಿ. ಇದು ಹುಡುಕೋ ಮಕ್ಕಳ ತಪ್ಪಲ್ಲ, ಅಪ್ಲೋಡ್ ಮಾಡೋ ನಾವೇ ಎರಡೂ ರೂಪ ಕೀವರ್ಡಿನಾಗ ಹಾಕಬೇಕು.

ಇನ್ನೂ ಸಿಗ್ಲಿಲ್ಲಂದ್ರ ಇಂಗ್ಲಿಷ್ ಅಕ್ಷರದಾಗ ಹಾಕ್ರಿ. ನಮ್ಮ ಮಳಖೇಡದ ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗದ ಮ್ಯಾಲಿನ ಕೆಲಸನೂ ಎಷ್ಟೋ ಕಡಿ ಇಂಗ್ಲಿಷ್ ಸ್ಪೆಲ್ಲಿಂಗಿನಾಗೇ ಎಂಟ್ರಿ ಆಗಿರ್ತದ, ಕವಿರಾಜ, ಮಾರ್ಗ ಅಂತ ಬಿಡಿಸಿ ಬರೆದಿರ್ಲೂಬಹುದು, ಕೂಡಿಸಿ ಒಮ್ಮೆ ಬಿಡಿಸಿ ಒಮ್ಮೆ ಹಾಕ್ರಿ.

ಇಷ್ಟಾದ್ರೂ ಆಗ್ಲಿಲ್ಲಂದ್ರ ಟೈಟಲ್ ಕೈಬಿಟ್ಟು ಗೈಡ್ ಹೆಸರಿಲೆ ಹುಡುಕ್ರಿ, ಇಲ್ಲಾ ‘ಬ್ರೌಸ್’ ಅನ್ನೋ ಪಟ್ಟಿಗಿ ಹೋಗಿ ವಿಭಾಗ, ವರ್ಷ ನೋಡ್ಕೋತ ಬರ್ರಿ. ಆ ಹುಡುಗಿಗಿ ನಾನು ಹಿಂಗೇ ಗೈಡ್ ಹೆಸರು ಹಾಕಿ ತೆಗೆದುಕೊಟ್ಟೆ, ಸೊನ್ನಿ ಕಂಡಿದ್ದು ಆಮ್ಯಾಗ, ಎರಡೂ ಟೈಟಲ್ ಬಾಜೂಕ ಬಾಜೂಕ ಇಟ್ಟು ನೋಡ್ದಾಗ.

ಕೆಲವು ಥೀಸಿಸಿಗಿ ಎಂಬಾರ್ಗೋ, ಅಂದ್ರ ಇಷ್ಟು ದಿನ ತೋರಸಬಾರ್ದು ಅನ್ನೋ ತಡಿ ಇರ್ತದ, ಅವಧಿ ಮುಗಿಯೋತನ ತೆರೆಯಂಗಿಲ್ಲ. ಅಂಥದ್ದಕ್ಕ ಲೈಬ್ರರಿಯನ್ನರಿಗಿ ಮೇಲ್ ಮಾಡ್ರಿ, ಟೈಟಲ್, ಬರೆದವರು, ಗೈಡ್, ವರ್ಷ, ನೀವು ಹುಡುಕಿದ ಸ್ಕ್ರೀನ್‌ಶಾಟ್ ಎಲ್ಲಾ ಒಂದೇ ಮೇಲಿನಾಗ ಇರ್ಲಿ. ಸಿಕ್ಕಿತಂದ್ರ ಆ ಪೇಜಿನಾಗಿರೋ ಹ್ಯಾಂಡಲ್ ಲಿಂಕ್ (ಆ ಥೀಸಿಸಿನ ಕಾಯಂ ವಿಳಾಸ) ಬರಕೊಂಡ್ ಇಟ್ಕೋರಿ, ಮುಂದಿನ ಸಲ ಸೀದಾ ಅಲ್ಲಿಗೇ ಹೋಗಬಹುದು.